ವೈಭವವೂ ಆಡಂಬರವೂ

ಮಾಘ ಮಾಸ ಮೊದಲ್ಗೊಂಡು ವೈಶಾಖ ಮುಗಿಯುವವರೆಗೆ ತಮ್ಮ ಮನೆಗೆ ಬರುವ ಆಹ್ವಾನಪತ್ರಿಕೆಗಳನ್ನು ಒಂದೆಡೆ ಕೂಡಿಸಿಟ್ಟುಕೊಂಡು ಅವುಗಳ ಭಾಷೆಯನ್ನಷ್ಟೇ ಒಮ್ಮೆ ಅವಲೋಕಿಸಬೇಕೆಂದು ವಾಚಕರಲ್ಲಿ ಪ್ರಾರ್ಥನೆ. ಜಾತ್ರೆಯಾದರೆ ಅದು ‘ವಿಜೃಂಭಣೆ’ಯಿಂದ ನೆರವೇರುತ್ತದೆ, ರಥೋತ್ಸವವು ‘ವೈಭವ’ದಿಂದ ಜರುಗುತ್ತದೆ, ಮೆರವಣಿಗೆಯು ‘ಭವ್ಯ’ವಾಗಿಯೇ ಹೊರಡುತ್ತದೆ, ಮದುವೆಯು ‘ಅದ್ಧೂರಿ’ಯಾಗದಿದ್ದರೆ ಮದುವೆಯೇ ಅಲ್ಲ. ನಾಲ್ಕು ಬೀದಿಗಳ ಜನ ಸೇರಿ ಕಟ್ಟಿಕೊಂಡ ಸಂಘದ ವಾರ್ಷಿಕ ಸಭೆಯೂ ಈಗ ‘ಬೃಹತ್’ ಆಗಿಬಿಟ್ಟಿದೆ. ಇನ್ನು ಕೆಲವರು ಬಂಗಾರದ ಬಣ್ಣದ ದಪ್ಪ ಕಾಗದದ ಮೇಲೆಯೇ ‘ಆಡಂಬರವಿಲ್ಲದ ಸರಳ ಸಮಾರಂಭ’ವೆಂದು ಅಚ್ಚು ಹಾಕಿಸುತ್ತಾರೆ. ಸರಳತೆಯನ್ನೂ ಸಾರಿ ಹೇಳಬೇಕಾದ ಕಾಲ ಇದು.

ಈ ಮಾತುಗಳನ್ನೆಲ್ಲ ನಾವು ಒಂದೇ ಅರ್ಥದವೆಂದು ತಿಳಿದು ಒಂದರ ಸ್ಥಾನದಲ್ಲಿ ಮತ್ತೊಂದನ್ನು ಇಟ್ಟು ಬಳಸುತ್ತೇವೆ. ಆದರೆ ಅವು ಒಂದೇ ತಾಯಿಯ ಮಕ್ಕಳಲ್ಲ. ಅವುಗಳ ಹುಟ್ಟನ್ನು ವಿಚಾರಿಸಿ ನೋಡಿದರೆ, ಮೆರೆತವೆಂಬುದು ಎಲ್ಲಿ ಸಹಜವಾಗಿರುತ್ತದೆ, ಎಲ್ಲಿ ಮನುಷ್ಯನನ್ನು ನುಂಗುತ್ತದೆ ಎಂಬ ಧರ್ಮವಿಚಾರವೊಂದು ತಾನಾಗಿಯೇ ನಮ್ಮೆದುರಿಗೆ ಬಂದು ನಿಲ್ಲುತ್ತದೆ.

ಮೊದಲು ‘ವಿಜೃಂಭಣೆ’ಯನ್ನೇ ತೆಗೆದುಕೊಳ್ಳೋಣ. ಸಂಸ್ಕೃತದಲ್ಲಿ ‘ಜೃಂಭಣ’ವೆಂದರೆ ಆಕಳಿಕೆ. ಬಾಯಿ ಅಗಲವಾಗಿ ತೆರೆಯುವುದರಿಂದ ಹೂವು ಅರಳುವುದಕ್ಕೂ, ಅಲ್ಲಿಂದ ಹಿಗ್ಗಿ ಹರಡುವುದಕ್ಕೂ ಆ ಮಾತು ವಿಸ್ತಾರಗೊಂಡಿತು. ‘ವಿಜೃಂಭಣೆಯಿಂದ ನೆರವೇರಿದ’ ಸಭೆಗಳಲ್ಲಿ ಸಂಜೆಯ ಆರು ಗಂಟೆಯಿಂದ ರಾತ್ರಿ ಹನ್ನೊಂದರವರೆಗೆ ಸನ್ಮಾನದ ಮೇಲೆ ಸನ್ಮಾನವನ್ನು ನೋಡುತ್ತ ಕುಳಿತವರಿಗೆ ಈ ಮೂಲಾರ್ಥವು ಅಷ್ಟೇನೂ ಆಶ್ಚರ್ಯವನ್ನುಂಟುಮಾಡಲಾರದು.

‘ಸಂಭ್ರಮ’ದ ಕಥೆ ಬೇರೆ. ಗಿರಗಿರನೆ ಸುತ್ತುವುದು, ಗಾಬರಿ, ಅವಸರ ಎಂಬುದು ಅದರ ಮೊದಲಿನ ಅರ್ಥ. ನೆರೆಯ ಮರಾಠಿಯಲ್ಲಿ ಇಂದಿಗೂ ಸಂಭ್ರಮವೆಂದರೆ ಗೊಂದಲವೇ. ಕನ್ನಡಿಗರು ಮಾತ್ರ ಅದನ್ನು ಮದುವೆಮನೆಯ ಓಡಾಟದೊಳಗಿನ ಸಂತೋಷವನ್ನಾಗಿ ಮಾಡಿಕೊಂಡರು. ಹತ್ತು ಜನ ಹೆಂಗಸರು ಒಂದೇ ಅಡುಗೆಮನೆಯಲ್ಲಿ ಒಬ್ಬರಿಗೊಬ್ಬರು ಅಡ್ಡ ಬರುತ್ತ, ನಗುತ್ತ, ಬೈದಾಡಿಕೊಳ್ಳುತ್ತ ಹೋಳಿಗೆ ಲಟ್ಟಿಸುವುದನ್ನು ಕಂಡವರಿಗೆ ಈ ಅರ್ಥಾಂತರವು ಎಷ್ಟು ನ್ಯಾಯವಾದುದೆಂದು ಬಿಡಿಸಿ ಹೇಳಬೇಕಾಗಿಲ್ಲ. ‘ಸಡಗರ’ವೂ ಅಂಥದೇ ಮನೆಮಾತು. ಇವೆರಡರಲ್ಲಿಯೂ ನೋಡುವವರು ಬೇರೆ, ಮಾಡುವವರು ಬೇರೆ ಎಂಬ ಭೇದವಿಲ್ಲ. ಇದನ್ನು ವಾಚಕರು ನೆನಪಿನಲ್ಲಿಡಬೇಕು, ಮುಂದೆ ಬೇಕಾಗುತ್ತದೆ.

ಮರಾಠಿಯ ಕಡೆಯಿಂದ ಬಂದ ‘ಡೌಲು’, ಪಾರಸಿಯ ‘ದರ್ಬಾರು’, ಉರ್ದುವಿನ ದಾರಿಯಾಗಿ ಬಂದ ‘ಷೋಕಿ’ ಇವುಗಳನ್ನು ಕುರಿತು ಹೆಚ್ಚು ಹೇಳಬೇಕಾದುದಿಲ್ಲ. ಅವನ್ನು ಆಡುವ ಧಾಟಿಯಲ್ಲಿಯೇ ನಮ್ಮ ಜನ ತಮ್ಮ ತೀರ್ಪನ್ನು ಕೊಟ್ಟುಬಿಟ್ಟಿದ್ದಾರೆ. ‘ಅವನ ದರ್ಬಾರು ನೋಡು’ ಎಂದು ಯಾರೂ ಗೌರವದಿಂದ ಹೇಳುವುದಿಲ್ಲ.

ವಿಚಾರಕ್ಕೆ ಯೋಗ್ಯವಾದುದು ‘ಆಡಂಬರ’. ಇದು ಮೂಲದಲ್ಲಿ ಒಂದು ವಾದ್ಯದ ಹೆಸರು. ವೇದಕಾಲದಲ್ಲಿಯೇ ಆಡಂಬರವೆಂಬ ಭೇರಿಯೂ ಅದನ್ನು ಬಾರಿಸುವ ಆಳೂ ಇದ್ದುದು ತಿಳಿದುಬರುತ್ತದೆ. ಅಮರಕೋಶವು ಈ ಪದಕ್ಕೆ ವಾದ್ಯಘೋಷವೆಂದೂ ಆನೆಗಳ ಗರ್ಜನೆಯೆಂದೂ ಅರ್ಥ ಹೇಳುತ್ತದೆ. ಯುದ್ಧಾರಂಭದ ಘೋಷಕ್ಕೂ ಇದೇ ಹೆಸರು. ಆ ಬಳಿಕ ದೊಡ್ಡ ಸದ್ದು, ಬಳಿಕ ದೊಡ್ಡ ಮಾತು, ಕೊನೆಗೆ ಬರಿಯ ತೋರಿಕೆ, ಹೀಗೆ ಅರ್ಥವು ಇಳಿಯುತ್ತ ಬಂದಿತು. ಭೇರಿಯ ಒಳಗೆ ಪೊಳ್ಳು ಎಂಬ ಹಳೆಯ ಉಪಮೆಯನ್ನು ಇಲ್ಲಿ ಎಳೆದು ತರುವುದು ಬೇಡ; ಅದು ಸವೆದುಹೋಗಿದೆ. ನಾವು ಗಮನಿಸಬೇಕಾದುದು ಇನ್ನೊಂದು ಸಂಗತಿ. ರಣಭೇರಿಯನ್ನು ಬಾರಿಸುವವನು ತನ್ನ ಸಂತೋಷಕ್ಕಾಗಿ ಬಾರಿಸುವುದಿಲ್ಲ. ಅದರ ಸದ್ದು ಎದುರು ಪಾಳೆಯದ ಕಿವಿಯನ್ನು ಮುಟ್ಟಬೇಕು, ಅಲ್ಲಿ ಎದೆ ನಡುಗಬೇಕು. ಆದುದರಿಂದ ಆಡಂಬರವೆಂಬ ಶಬ್ದದ ಹೊಟ್ಟೆಯಲ್ಲಿ ಒಬ್ಬ ವೈರಿ ಅಡಗಿಕೊಂಡಿದ್ದಾನೆ.

ಈ ಮಾತನ್ನು ಅತಿರೇಕವೆಂದು ತಾವು ಭಾವಿಸಬಹುದು. ಆದರೆ ತಮಗೆ ಪರಿಚಿತವಾದ ಯಾವುದಾದರೊಂದು ಅದ್ಧೂರಿ ಮದುವೆಯ ಹಿಂದಿನ ಆರು ತಿಂಗಳ ಮನೆಮಾತನ್ನು ಜ್ಞಾಪಿಸಿಕೊಳ್ಳಿರಿ. ‘ಅವರ ಮನೆಯಲ್ಲಿ ಇಷ್ಟು ಬಗೆ ಮಾಡಿದ್ದರು, ನಾವು ಇಷ್ಟು ಮಾಡದಿದ್ದರೆ ಹೇಗೆ?’ ‘ದಾಯಾದಿಗಳ ಮುಂದೆ ತಲೆ ಎತ್ತಬೇಡವೇ?’ ಇವು ಯುದ್ಧದ ಮಾತುಗಳೇ. ವಧೂವರರ ಸುಖದ ಚಿಂತೆಗಿಂತ ಎದುರಾಳಿಯ ನಿದ್ರಾಭಂಗದ ಚಿಂತೆಯೇ ಅಲ್ಲಿ ಮುಂದಾಗಿರುತ್ತದೆ.

‘ವೈಭವ’ದ ಮೂಲವು ಇದಕ್ಕೆ ತೀರ ಭಿನ್ನ. ‘ವಿ’ ಎಂಬ ಉಪಸರ್ಗದೊಡನೆ ‘ಭೂ’ ಧಾತು ಸೇರಿ, ವ್ಯಾಪಿಸಿಕೊಳ್ಳುವುದು, ತುಂಬಿಕೊಳ್ಳುವುದು ಎಂಬ ಅರ್ಥ ಬರುತ್ತದೆ. ಎಲ್ಲೆಡೆ ತುಂಬಿರುವವನು ‘ವಿಭು’. ಅವನ ಸಮೃದ್ಧಿ ‘ವಿಭವ’. ಅದರ ಭಾವ ‘ವೈಭವ’. ಇದೇ ಮೂಲದಿಂದ ಹುಟ್ಟಿದ ಇನ್ನೊಂದು ಶಬ್ದವನ್ನು ನಾವು ದಿನವೂ ಮುಂಜಾನೆ ಹಣೆಗೆ ಧರಿಸುತ್ತೇವೆ. ಅದೇ ‘ವಿಭೂತಿ’. ಗೀತೆಯ ಹತ್ತನೆಯ ಅಧ್ಯಾಯಕ್ಕೆ ವಿಭೂತಿಯೋಗವೆಂದು ಹೆಸರು. ಅಲ್ಲಿ ಆ ಶಬ್ದಕ್ಕೆ ಭಗವಂತನ ಮಹಿಮೆ ಎಂದರ್ಥ. ಶೈವರ ಕೈಯಲ್ಲಿ ಅದು ಭಸ್ಮವಾಯಿತು. ಐಶ್ವರ್ಯಕ್ಕೂ ಬೂದಿಗೂ ಒಂದೇ ಹೆಸರನ್ನು ಇಟ್ಟವರು ಏನನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದರೋ! ಸುಡುವುದೆಲ್ಲ ಸುಟ್ಟ ಮೇಲೆ ಉಳಿಯುವ, ಮತ್ತೆ ಸುಡಲಾಗದ ಪದಾರ್ಥವೇ ನಿಜವಾದ ಸಂಪತ್ತು ಎಂಬ ಅರ್ಥವನ್ನು ಇಲ್ಲಿ ಕಾಣುವುದು ತಪ್ಪಾಗಲಾರದು. ಹೇಗೆಯೇ ಇರಲಿ, ವೈಭವಕ್ಕೆ ಎದುರಾಳಿ ಬೇಕಾಗಿಲ್ಲ. ತುಂಬಿದ ಕೆರೆಗೆ ಕೋಡಿ ಬೀಳುವುದು ಪಕ್ಕದ ಕೆರೆಯನ್ನು ನಾಚಿಸುವುದಕ್ಕಾಗಿಯಲ್ಲ.

‘ಡಂಬ’ವೆಂಬುದು ಸಂಸ್ಕೃತದ ‘ದಂಭ’ದ ತದ್ಭವ. ವಂಚನೆ ಎಂಬುದೇ ಅದರ ಧಾತ್ವರ್ಥ. ಗೀತೆಯ ಹದಿನಾರನೆಯ ಅಧ್ಯಾಯದಲ್ಲಿ ಆಸುರೀ ಗುಣಗಳನ್ನು ಎಣಿಸುವಾಗ ದಂಭವನ್ನೇ ಮೊದಲು ಹೇಳಿದೆ. ಆಡಂಬರ ಮತ್ತು ಡಂಬಗಳಿಗೆ ಹುಟ್ಟಿನಿಂದ ನಂಟಿಲ್ಲದಿದ್ದರೂ ಕನ್ನಡದ ಕಿವಿ ಅವೆರಡನ್ನೂ ಒಡಹುಟ್ಟುಗಳೆಂದು ಭಾವಿಸಿಬಿಟ್ಟಿದೆ. ವ್ಯಾಕರಣದ ದೃಷ್ಟಿಯಿಂದ ಇದು ಪ್ರಮಾದವಿರಬಹುದು. ಅನುಭವದ ದೃಷ್ಟಿಯಿಂದ ಅಲ್ಲ.

ಶಬ್ದಗಳಿಂದ ವಸ್ತುಗಳ ಕಡೆಗೆ ಬರೋಣ. ಈ ಲೇಖನವನ್ನು ಬರೆಯುತ್ತಿರುವುದು ಜಾಲಹಳ್ಳಿಯಲ್ಲಿ. ನಮ್ಮ ಮಠದ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರಿಗೆ ಈ ಊರು ಪರಿಚಿತ. ಉಚಿತ ಪ್ರಸಾದನಿಲಯದಿಂದ ಹೊರಬಿದ್ದು ಇಲ್ಲಿಯೋ ಪೀಣ್ಯದಲ್ಲಿಯೋ ಯಂತ್ರದ ಮುಂದೆ ನಿಂತು ಸಂಸಾರ ಕಟ್ಟಿಕೊಂಡವರು ಕಡಿಮೆಯಲ್ಲ. ಇಲ್ಲಿ 1953ರಲ್ಲಿ ಹಿಂದೂಸ್ತಾನ್ ಮೆಷಿನ್ ಟೂಲ್ಸ್, 1954ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಸ್ಥಾಪನೆಗೊಂಡವು. 1961ರಲ್ಲಿ ಜಪಾನಿನ ಸಿಟಿಜನ್ ಸಂಸ್ಥೆಯ ಸಹಯೋಗದೊಡನೆ ಎಚ್.ಎಂ.ಟಿ.ಯವರು ಕೈಗಡಿಯಾರದ ತಯಾರಿಕೆಯನ್ನು ಪ್ರಾರಂಭಿಸಿದರು. ಮೊದಲ ಗಡಿಯಾರಗಳನ್ನು ಬಿಡುಗಡೆ ಮಾಡಿದವರು ಪಂಡಿತ ನೆಹರೂ ಅವರು.

ಆ ಗಡಿಯಾರಗಳ ಹೆಸರುಗಳನ್ನು ನೋಡಿರಿ. ಒಂದಕ್ಕೆ ‘ಜನತಾ’. ಬಿಳಿಯ ಮುಖ, ಸಾಮಾನ್ಯ ಮುಳ್ಳುಗಳು, ದಿನಕ್ಕೊಮ್ಮೆ ಕೀಲಿ ಕೊಡಬೇಕು. ಶಾಲೆಯ ಉಪಾಧ್ಯಾಯರ, ಗುಮಾಸ್ತರ, ಕಾರ್ಮಿಕರ ಕೈಯಲ್ಲಿ ದಶಕಗಳ ಕಾಲ ದುಡಿದ ಗಡಿಯಾರ ಅದು. ಇನ್ನೊಂದಕ್ಕೆ ‘ಕಾಂಚನ್’. ಹೆಸರೇ ಹೇಳುವಂತೆ ಹೊಂಬಣ್ಣದ್ದು. ಎಪ್ಪತ್ತು ಎಂಬತ್ತರ ದಶಕಗಳಲ್ಲಿ ಅದು ವರೋಪಚಾರದ ಪಟ್ಟಿಯಲ್ಲಿ ಸೇರಿಕೊಂಡು, ‘ಕಾಂಚನ್ ಕೊಡುತ್ತಾರೆಯೇ?’ ಎಂಬ ಪ್ರಶ್ನೆಯು ಮಾತುಕತೆಯ ಚಾವಡಿಯಲ್ಲಿ ಕೇಳಿಬರುವಂತಾಯಿತು. ಒಂದೇ ಸಂಸ್ಥೆ, ಒಂದೇ ಬಗೆಯ ಕಾರ್ಮಿಕರ ಬೆವರು. ಆದರೂ ಒಂದು ಕಾಲವನ್ನು ತೋರಿಸುವುದಕ್ಕಾಗಿಯೂ ಮತ್ತೊಂದು ಬಹುಮಟ್ಟಿಗೆ ತನ್ನನ್ನೇ ತೋರಿಸಿಕೊಳ್ಳುವುದಕ್ಕಾಗಿಯೂ ಜನರ ಕೈ ಸೇರಿದವು. ಕಾಂಚನ್ ಕೂಡ ಸಮಯವನ್ನು ಸರಿಯಾಗಿಯೇ ತೋರಿಸುತ್ತಿತ್ತು, ದೋಷ ಗಡಿಯಾರದ್ದಲ್ಲ.

ಇಲ್ಲೊಂದು ಸೂಕ್ಷ್ಮವಿದೆ. ಆ ಬಡ ಜನತಾ ಗಡಿಯಾರದ ಒಳಗೆ 17 ರತ್ನಗಳಿದ್ದವು. ಕೃತಕವಾಗಿ ತಯಾರಿಸಿದ ಪುಟ್ಟ ಕೆಂಪುಕಲ್ಲುಗಳು. ಚಕ್ರಗಳ ಅಚ್ಚು ತಿರುಗುವ ಕಡೆಗಳಲ್ಲಿ ಅವನ್ನು ಕೂಡಿಸಿದರೆ ಘರ್ಷಣೆ ಕಡಿಮೆಯಾಗಿ ಲೋಹ ಸವೆಯದೆ ಗಡಿಯಾರ ಬಹುಕಾಲ ಬಾಳುತ್ತದೆ. ರಿಪೇರಿ ಮಾಡುವವನ ಹೊರತು ಇನ್ನಾರ ಕಣ್ಣಿಗೂ ಬೀಳದ ರತ್ನಗಳು ಅವು. ಹೊರಗಿನ ಹೊಂಬಣ್ಣವು ಕಾಲಗಣನೆಗೆ ಎಳ್ಳಷ್ಟೂ ನೆರವಾಗುವುದಿಲ್ಲ. ಒಳಗಿನ ಕೆಂಪುಕಲ್ಲು ಇಲ್ಲದಿದ್ದರೆ ಗಡಿಯಾರ ಬೇಗನೆ ಸೊರಗುತ್ತದೆ. ಕಾಯಕಕ್ಕೆ ಒದಗುವ ಸಂಪತ್ತು ಯಾವ ಬಗೆಯದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ದೃಷ್ಟಾಂತವನ್ನು ದೂರದ ಪುರಾಣಗಳಲ್ಲಿ ಹುಡುಕಬೇಕಾಗಿಲ್ಲ. ಆದರೆ ಮನುಷ್ಯಸ್ವಭಾವವನ್ನು ಏನೆನ್ನಬೇಕು! ಆ ಗುಪ್ತರತ್ನಗಳ ಸಂಖ್ಯೆಯನ್ನೂ ಗಡಿಯಾರದ ಮುಖದ ಮೇಲೆ ಅಚ್ಚು ಹಾಕಿಸದೆ ನಮ್ಮವರಿಗೆ ಇರಲಾಗಲಿಲ್ಲ.

ಕೈಗಡಿಯಾರದ ಆ ಕಾರ್ಖಾನೆಗಳನ್ನು ಮುಚ್ಚಲು 2016ರಲ್ಲಿ ಕೇಂದ್ರ ಸರಕಾರವು ತೀರ್ಮಾನಿಸಿತು. ಇಂದು ಜಾಲಹಳ್ಳಿಯಲ್ಲಿರುವ ಎಚ್.ಎಂ.ಟಿ. ವಸ್ತುಸಂಗ್ರಹಾಲಯದಲ್ಲಿ ಜನತಾ ಮತ್ತು ಕಾಂಚನ್ ಎರಡೂ ಗಾಜಿನ ಹಿಂದಿನ ನೆನಪುಗಳು. ವರೋಪಚಾರದ ಪಟ್ಟಿ ಮಾತ್ರ ಮುಚ್ಚಲಿಲ್ಲ. ಗಡಿಯಾರದಿಂದ ಮೋಟಾರುವಾಹನಕ್ಕೆ, ಅಲ್ಲಿಂದ ಮುಂದಕ್ಕೆ ಅದು ಬೆಳೆಯಿತು.

ಆಡಂಬರದ ವೆಚ್ಚವನ್ನು ಯಾರು ತೆರುತ್ತಾರೆ ಎಂಬ ಪ್ರಶ್ನೆಯನ್ನು ಇಲ್ಲಿ ಕೇಳಲೇಬೇಕು. ಶ್ರೀಮಂತನು ತನ್ನ ಹಣವನ್ನು ತಾನು ಚೆಲ್ಲಿದರೆ ನಮಗೇನು ಎಂದು ಕೆಲವರು ವಾದಿಸುತ್ತಾರೆ. ಹಣ ಅವನದಾದರೂ ಮಾದರಿ ಎಲ್ಲರದಾಗಿಬಿಡುತ್ತದೆ ಎಂಬುದೇ ತೊಡಕು. ಹತ್ತು ಲಕ್ಷದವನು ಒಂದು ಕೋಟಿಯವನನ್ನು ನೋಡುತ್ತಾನೆ. ಹತ್ತು ಸಾವಿರದವನು ಹತ್ತು ಲಕ್ಷದವನನ್ನು ನೋಡುತ್ತಾನೆ. ನೌಕರರ ಭವಿಷ್ಯನಿಧಿಯ 1952ರ ಯೋಜನೆಯಲ್ಲಿ ಮಕ್ಕಳ ಮದುವೆಗೆಂದು ನಿಧಿಯಿಂದ ಹಣ ತೆಗೆಯುವುದಕ್ಕೆ ಅವಕಾಶವನ್ನು ಕಲ್ಪಿಸಲಾಗಿತ್ತು. ಆಪತ್ತಿಗೆ ಒದಗಲೆಂಬ ಸದುದ್ದೇಶದಿಂದಲೇ ಮಾಡಿದ ಏರ್ಪಾಡು. ಆದರೆ ಈ ಕೈಗಾರಿಕಾ ಪ್ರದೇಶದ ಎಷ್ಟು ಮನೆಗಳಲ್ಲಿ ಮೂವತ್ತು ವರ್ಷದ ದುಡಿಮೆಯ ಉಳಿತಾಯವು ಎರಡು ದಿನದ ದೀಪಾಲಂಕಾರವಾಗಿ ಉರಿದುಹೋಯಿತೆಂಬುದನ್ನು ಬಲ್ಲವರು ಬಲ್ಲರು. ಮುಪ್ಪಿನ ಕಾಲದ ಅನ್ನವನ್ನು ಬಂಧುಗಳ ಕಣ್ಣಿಗೆ ಬಡಿಸಿದಂತಾಯಿತು. ಕಣ್ಣು ಅದನ್ನು ಉಂಡಿತೆ? ಉಂಡವರು ಕೈತೊಳೆಯುವ ಮೊದಲೇ ಮುಂದಿನ ಮದುವೆಯ ಮಾತನ್ನು ಎತ್ತಿರುತ್ತಾರೆ.

ಕಣ್ಣಿಗೆ ಬಡಿಸಿದ್ದರ ಮಾತು ಹಾಗಿರಲಿ, ಎಲೆಗೆ ಬಡಿಸಿದ್ದಾದರೂ ಹೊಟ್ಟೆ ಸೇರಿತೆಂಬ ಭರವಸೆಯಿಲ್ಲ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದವರು 2012ರ ಸುಮಾರಿಗೆ ಪ್ರಕಟಿಸಿದ ಅಧ್ಯಯನವೊಂದರ ಪ್ರಕಾರ ಈ ಒಂದು ನಗರದ ಕಲ್ಯಾಣಮಂಟಪಗಳಲ್ಲಿ ವರ್ಷಕ್ಕೆ 943 ಟನ್ನಿನಷ್ಟು ಒಳ್ಳೆಯ ಆಹಾರ ಪೋಲಾಗುತ್ತಿತ್ತು. ದಾಸೋಹದ ಪಂಕ್ತಿಯಲ್ಲಿ ಎಲೆಯ ಮೇಲೆ ಒಂದು ಅಗುಳನ್ನು ಬಿಟ್ಟು ಏಳಲು ಹೆದರುತ್ತಿದ್ದ ನಮ್ಮ ಹಳೆಯ ವಿದ್ಯಾರ್ಥಿಗಳಿಗೆ ಈ ಅಂಕಿಯ ಅರ್ಥವನ್ನು ವಿವರಿಸಬೇಕಾಗಿಲ್ಲ.

ಹಾಗಾದರೆ ಮೆರೆತವೆಲ್ಲ ತ್ಯಾಜ್ಯವೇ? ಹೀಗೆ ಹೇಳುವ ಶುಷ್ಕ ವೈರಾಗ್ಯವು ನಮಗೆ ಒಪ್ಪಿಗೆಯಾಗಲಾರದು. ‘ಮೆರೆ’ ಎಂಬುದು ಅಚ್ಚಗನ್ನಡದ ಧಾತು; ಹೊಳೆ, ಪ್ರಕಾಶಿಸು ಎಂದರ್ಥ. ಮೆರವಣಿಗೆಯು ಅದರಿಂದಲೇ ಬಂದುದು. ಇಂಗ್ಲಿಷಿನಲ್ಲಿ ವೈಭವಕ್ಕೆ ಹೇಳುವ ‘ಪಾಂಪ್’ ಎಂಬ ಮಾತು ಕೂಡ ಗ್ರೀಕರ ‘ಪೊಂಪೆ’, ಎಂದರೆ ಮೆರವಣಿಗೆ, ಎಂಬುದರಿಂದ ಬಂದಿತಂತೆ. ಜನ ಒಟ್ಟಾಗಿ ಬೀದಿಯಲ್ಲಿ ಸಾಗುವುದರಲ್ಲಿಯೇ ಒಂದು ಕಾಂತಿಯುಂಟೆಂದು ಎರಡು ದೇಶಗಳ ಜನಕ್ಕೂ ತೋರಿತು. ನಂದಿಕೋಲು ಹೊತ್ತವನ ಬೆನ್ನುಹುರಿಯ ಸೆಟೆತ, ವೀರಗಾಸೆಯವರ ಹೆಜ್ಜೆ, ಕರಡಿ ಮಜಲಿನ ಪೆಟ್ಟು ಇವೆಲ್ಲ ಸದ್ದೇ, ಬಣ್ಣವೇ, ಪ್ರದರ್ಶನವೇ. ವರ್ಷವಿಡೀ ಮಣ್ಣಿನಲ್ಲಿ ಬಾಗಿದ ರೈತನು ಒಂದು ದಿನ ರುಮಾಲು ಸುತ್ತಿಕೊಂಡು ತೇರಿನ ಮಿಣಿಗೆ ಕೈಹಾಕಿದರೆ ಅದನ್ನು ಆಡಂಬರವೆನ್ನುವ ನಾಲಗೆಗೆ ಮರ್ಯಾದೆಯಿಲ್ಲ. ಏಕೆಂದರೆ ಅಲ್ಲಿ ಪ್ರೇಕ್ಷಕನೆಂಬುವನಿಲ್ಲ. ಬಂದವನೆಲ್ಲ ಎಳೆಯುವವನೇ, ಎಳೆಯಲಾರದವನು ಬಾಳೆಹಣ್ಣು ಎಸೆದಾದರೂ ಭಾಗಿಯಾಗುತ್ತಾನೆ. ಮೊದಲು ಹೇಳಿದ ಸಂಭ್ರಮ, ಸಡಗರಗಳ ಲಕ್ಷಣವೇ ಇದು. ಕಲ್ಯಾಣಮಂಟಪದ ವೇದಿಕೆಯ ಮುಂದೆ ಒಂದು ಗಂಟೆ ಸಾಲುಗಟ್ಟಿ ನಿಂತು, ಛಾಯಾಚಿತ್ರಕ್ಕೆ ಮುಖವೊಡ್ಡಿ, ಲಕೋಟೆ ಕೊಟ್ಟು, ಇಳಿದು ಹೋಗುವವನು ಯಾವುದರಲ್ಲಿ ಭಾಗಿಯಾದನೋ ತಿಳಿಯದು. ಅವನನ್ನು ಕರೆದಿರುವುದು ಸಾಕ್ಷಿ ನುಡಿಯುವುದಕ್ಕೆ.

ಮಠಗಳನ್ನು ಬಿಟ್ಟು ಮನೆಗಳನ್ನಷ್ಟೇ ವಿಮರ್ಶಿಸಿದರೆ ಅದು ನ್ಯಾಯವಾಗದು. ಅಡ್ಡಪಲ್ಲಕ್ಕಿಯ ವಿಚಾರವನ್ನು ನೋಡಿರಿ. ಸಾಮಾನ್ಯ ಪಲ್ಲಕ್ಕಿ ದಾರಿಯ ಉದ್ದಕ್ಕೆ ಸಾಗಿದರೆ, ಅಡ್ಡಪಲ್ಲಕ್ಕಿಯು ದಾರಿಗೆ ಅಡ್ಡಲಾಗಿ ಇಡೀ ಬೀದಿಯ ಅಗಲವನ್ನು ತುಂಬಿಕೊಂಡು ಸಾಗುತ್ತದೆ. ಎದುರಿನಿಂದ ಬರುವವನು ನಿಲ್ಲಬೇಕು, ಇಲ್ಲವೆ ಹಿಂದಿರುಗಬೇಕು. ಗುರುವಿನ ಮೇಲಿನ ಭಕ್ತಿಯೇ ಅದರ ಮೂಲವಿರಬಹುದು. ಆದರೆ ಈ ಗೌರವವು ತನ್ನ ಪೀಠಕ್ಕೇ ಮೀಸಲು, ಇನ್ನೊಬ್ಬ ಗುರುವು ಹಾಗೆ ಸಾಗಕೂಡದು ಎಂದು ಮುಂಬಯಿ ಇಲಾಖೆಯಲ್ಲಿ ಹೂಡಲ್ಪಟ್ಟ ದಾವೆಯೊಂದು ಸಮುದ್ರವನ್ನು ದಾಟಿ ಲಂಡನ್ನಿನ ಪ್ರಿವಿ ಕೌನ್ಸಿಲಿನವರೆಗೂ ಹೋಯಿತು. ಅದು 1843ರ ಮಾತು. ಸರ್ವಸಂಗಪರಿತ್ಯಾಗಿಗಳ ಪಲ್ಲಕ್ಕಿ ಉದ್ದಕ್ಕೆ ಹೋಗಬೇಕೋ ಅಡ್ಡಕ್ಕೆ ಹೋಗಬೇಕೋ ಎಂಬುದನ್ನು ಥೇಮ್ಸ್ ನದಿಯ ತೀರದಲ್ಲಿ ಪರದೇಶದ ನ್ಯಾಯಾಧೀಶರು ಕುಳಿತು ಆಲೋಚಿಸಬೇಕಾಗಿ ಬಂದುದನ್ನು ನೆನೆದರೆ ನಗಬೇಕೋ ಅಳಬೇಕೋ ತಿಳಿಯದು. ಅಧಿಕಾರಸ್ಥಾನಕ್ಕೆ ಸೇರದ ಬರಿಯ ಮಾನಮರ್ಯಾದೆಗಾಗಿ ಸಿವಿಲ್ ದಾವೆ ನಡೆಯಲಾರದೆಂಬುದು ಕಾಲಕ್ರಮದಲ್ಲಿ ನಮ್ಮ ನ್ಯಾಯಾಲಯಗಳಲ್ಲಿ ನೆಲೆಗೊಂಡ ತತ್ತ್ವ. ಶಾಸ್ತ್ರಗಳು ಕಲಿಸಬೇಕಾಗಿದ್ದ ಪಾಠವನ್ನು ಕಾನೂನು ಕಲಿಸಿತು.

ಈ ಉದಾಹರಣೆಯಲ್ಲಿ ಆಡಂಬರದ ಇನ್ನೊಂದು ಗುರುತೂ ಸಿಗುತ್ತದೆ. ಅದು ಪರರ ದಾರಿಗೆ ಅಡ್ಡವಾಗುತ್ತದೆ. ಇಂದಿನ ಅಡ್ಡಪಲ್ಲಕ್ಕಿಗಳನ್ನು ಕಾಣಬೇಕಾದರೆ ಲಗ್ನದ ದಿನಗಳಲ್ಲಿ ಸಂಜೆಯ ಹೊತ್ತು ಜಾಲಹಳ್ಳಿ ಕ್ರಾಸಿನಲ್ಲಿ ನಿಂತರೆ ಸಾಕು. ತುಮಕೂರು ರಸ್ತೆಯ ಆ ದಟ್ಟಣೆಯ ನಡುವೆ ದಿಬ್ಬಣದ ಕುಣಿತ ಸಾಗಿರುತ್ತದೆ. ಹಿಂದೆ ಪಾಳಿ ಮುಗಿಸಿ ಮನೆಗೆ ಹೊರಟ ಕಾರ್ಮಿಕರ ಬಸ್ಸುಗಳು ನಿಂತಿರುತ್ತವೆ. ಒಮ್ಮೊಮ್ಮೆ ರೋಗಿಯನ್ನು ಹೊತ್ತ ವಾಹನವೂ ಕೂಗಿಕೊಳ್ಳುತ್ತಿರುತ್ತದೆ. ಹುಟ್ಟುಹಬ್ಬದ ಶುಭಾಶಯದ ಫ್ಲೆಕ್ಸುಗಳು ಪಾದಚಾರಿಯ ದಾರಿಯನ್ನೂ ಆಕಾಶವನ್ನೂ ಕಟ್ಟಿಬಿಟ್ಟಾಗ, 2018ರಲ್ಲಿ ರಾಜ್ಯದ ಉಚ್ಚ ನ್ಯಾಯಾಲಯವು ಕಟ್ಟುನಿಟ್ಟಾಗಿ ಆಜ್ಞೆ ಮಾಡಿ ಅವನ್ನು ಇಳಿಸಬೇಕಾಯಿತು. ಇಲ್ಲಿಯೂ ಮತ್ತೆ ನ್ಯಾಯಾಲಯವೇ!

ಬೇರೆ ದಾರಿಯನ್ನು ತೋರಿಸಿದವರು ನಮ್ಮಲ್ಲಿ ಇಲ್ಲವೆಂದಲ್ಲ. ಕುವೆಂಪು ಅವರು 1966ರಲ್ಲಿ ತಮ್ಮ ಮಗ ತೇಜಸ್ವಿಯವರ ವಿವಾಹವನ್ನು ಮಂತ್ರಮಾಂಗಲ್ಯದ ಕ್ರಮದಲ್ಲಿ, ವರದಕ್ಷಿಣೆಯಿಲ್ಲದೆ, ದುಂದುವೆಚ್ಚವಿಲ್ಲದೆ ನೆರವೇರಿಸಿದರು. ಅಲ್ಲಿ ಮದುವೆಯಾಗುವವರಿಗೆ ಅರ್ಥವಾಗುವ ಮಾತುಗಳಿದ್ದವು. ಮಾತು ಅರ್ಥವಾದರೆ ಭೇರಿಯ ಅಗತ್ಯ ಕಡಿಮೆಯಾಗುತ್ತದೆ ಎಂದು ತೋರುತ್ತದೆ. ಮಠಗಳು ನಡೆಸುತ್ತ ಬಂದಿರುವ ಸಾಮೂಹಿಕ ವಿವಾಹಗಳಿಂದ ಎಷ್ಟೋ ತಂದೆತಾಯಿಗಳು ಸಾಲದ ಶೂಲದಿಂದ ಪಾರಾಗಿದ್ದಾರೆ. ಅಲ್ಲಿಯೂ ವಧೂವರರಿಗಿಂತ ವೇದಿಕೆಯ ಮೇಲಿನ ಗಣ್ಯರ ಸಂಖ್ಯೆ ಹೆಚ್ಚಾದಾಗ ಮಾತ್ರ ಕಸಿವಿಸಿಯಾಗುತ್ತದೆ.

ಇದೇ ತುಮಕೂರು ರಸ್ತೆಯಲ್ಲಿ ಮುಂದೆ ಸಾಗಿದರೆ ಸಿದ್ಧಗಂಗೆ. ಅಲ್ಲಿ ಜಾತ್ರೆಯೂ ಉಂಟು, ತೇರೂ ಉಂಟು, ದನಗಳ ಪರಿಷೆಯೂ ಉಂಟು. ಆದರೆ ಆ ಸ್ಥಳದ ವೈಭವವೆಂದರೆ ಏನೆಂದು ಕೇಳಿದರೆ ಭಕ್ತರು ತೇರನ್ನು ತೋರಿಸುವುದಿಲ್ಲ. ಸಾವಿರಾರು ಮಕ್ಕಳು ಕುಳಿತು ಉಣ್ಣುವ ಸಾಲನ್ನು ತೋರಿಸುತ್ತಾರೆ. 2019ರ ಜನವರಿ 21ರಂದು ಪೂಜ್ಯ ಶಿವಕುಮಾರ ಸ್ವಾಮಿಗಳು ಲಿಂಗೈಕ್ಯರಾದಾಗ ಹೊತ್ತು ಮಧ್ಯಾಹ್ನಕ್ಕೆ ಸಮೀಪಿಸಿತ್ತು. ಸರಕಾರಿ ಗೌರವ, ಮಂತ್ರಿಗಳ ಆಗಮನ, ಲಕ್ಷಾಂತರ ಜನರ ಸಾಲು ಇವೆಲ್ಲ ಆ ಬಳಿಕ ಬಂದವು. ಅದಕ್ಕೆ ಮುನ್ನ ಸುದ್ದಿಯನ್ನು ಕೆಲಹೊತ್ತು ಹೊರಗೆ ಬಿಡಲಿಲ್ಲ. ಮಕ್ಕಳು ಊಟ ಮಾಡುವವರೆಗೆ ತಿಳಿಸಬಾರದೆಂಬುದು ಸ್ವಾಮಿಗಳದೇ ಇಚ್ಛೆಯಾಗಿತ್ತೆಂದು ಆಗ ವರದಿಯಾಯಿತು. ಪ್ರಸಾದನಿಲಯದಲ್ಲಿ ಪಂಕ್ತಿ ಎಂದಿನಂತೆ ನಡೆಯಿತು, ಮಕ್ಕಳು ಉಂಡು ಎದ್ದರು, ಆಮೇಲೆ ಹೇಳಿದರು.